ಗೇರಿಲ್ಲದ ಗಾಡಿಗೆ ನೂರೆಂಟು ವೈದ್ಯರು

ಮಂಡ್ಯ ಕಡೆ ಟ್ರ್ಯಾಕ್ಟರ್ ಮಾತು ತೆಗೆದರೆ ಸುಮ್ಮನಿರುವವರು ಯಾರೂ ಇಲ್ಲ. ಕಬ್ಬಿನ ಲೋಡು ಎಳೆದು ಪಳಗಿದ ಊರು ನೋಡಿ. ಅಂಥಲ್ಲಿ ನಮ್ಮ ಭಾವ ತೆಂಗಿನ ತೋಟದ ಹುಲ್ಲು ಕತ್ತರಿಸಲು ಸೆಕೆಂಡ್ ಹ್ಯಾಂಡ್ ಗಾರ್ಡನ್ ಟ್ರ್ಯಾಕ್ಟರ್ ತಂದರು. ಹೈಡ್ರೋಸ್ಟಾಟಿಕ್ ಅಂತೆ.

ಬೆಳಗಿನ ತಂಪಿನಲ್ಲಿ ಚೆನ್ನಾಗೇ ಓಡುತ್ತಿತ್ತು. ಬಿಸಿಲೇರಿದ ಮೇಲೆ ನಾಲೆ ಏರಿ ಹತ್ತಿಸಿದರೆ ಇಂಜಿನ್ ಭೋರ್ ಅನ್ನುವುದು, ಚಕ್ರ ಮಾತ್ರ ಬೀಗರೂಟ ಮುಗಿಸಿ ಎದ್ದವರ ಹಾಗೆ ಹೊರಳುವುದು.

"ಕ್ಲಚ್ ಪ್ಲೇಟ್ ಹೋಗದೆ ಕಣಪ್ಪ" ಎಂದರು ಪಕ್ಕದ ತೋಟದ ದೊಡ್ಡಪ್ಪ.

"ಇದ್ರಲ್ಲಿ ಕ್ಲಚ್ ಪ್ಲೇಟ್ ಇಲ್ಲ ದೊಡ್ಡಪ್ಪ."

"ಹಂಗಾರೆ ಗೇರು."

"ಹಾಕೋ ಗೇರೂ ಇಲ್ಲ."

"ಮತ್ತಿನ್ನೇನ್ ಅದೆ ಇದ್ರಲ್ಲಿ?"

ಕೇಳಿದ್ದು ನ್ಯಾಯವೇ. ಇರುವುದು ಎಣ್ಣೆ, ಹೈಡ್ರೋಸ್ಟಾಟಿಕ್ ಅಂದರೆ ಅದೇ. ಇಂಜಿನ್ ಬೆಲ್ಟಿನಿಂದ ಪಂಪ್ ತಿರುಗುತ್ತದೆ, ಪಂಪ್ ತಳ್ಳಿದ ಎಣ್ಣೆ ಒಳಗಿನ ಮೋಟಾರನ್ನು ತಿರುಗಿಸುತ್ತದೆ, ಅದು ಚಕ್ರವನ್ನು. ಪೆಡಲ್ ಒತ್ತಿದಷ್ಟೂ ಪಂಪಿನೊಳಗಿನ ತಟ್ಟೆ ಓರೆಯಾಗಿ ಎಣ್ಣೆ ಜಾಸ್ತಿ ಹರಿಯುತ್ತದೆ. ತಟ್ಟೆ ಆ ಕಡೆ ವಾಲಿದರೆ ಗಾಡಿ ಹಿಂದಕ್ಕೆ. ಇಷ್ಟು ಹೇಳುವಷ್ಟರಲ್ಲಿ ದೊಡ್ಡಪ್ಪ ನಿಂಬೆಹಣ್ಣು ಕಟ್ಟಿ ಮುಗಿಸಿದ್ದರು.

ಪೇಟೆಯಿಂದ ಬಂದ ಮೆಕ್ಯಾನಿಕ್ ಬಗ್ಗಿಯೂ ನೋಡಲಿಲ್ಲ. "ಪಂಪ್ ಹೋಗಿದೆ, ಹೊಸದು ಹಾಕ್ಬೇಕು." ಅವರು ಹೇಳಿದ ದುಡ್ಡು ಕೇಳಿ ಅಕ್ಕ ಭಾವನನ್ನು ನೋಡಿದ ನೋಟಕ್ಕೆ ಪಂಪ್ ತಾನೇ ರಿಪೇರಿಯಾಗಬೇಕಿತ್ತು. ನಮ್ಮಲ್ಲಿ ರಿಪೇರಿ ಯಾವತ್ತೂ ಹೆಚ್ಚು ದುಡ್ಡಿನ ಕಡೆಯಿಂದಲೇ ಶುರುವಾಗುತ್ತದೆ, ಅಲ್ವಾ?

ಕೊನೆಗೆ ಸಿಕ್ಕಿದವನು ಮೈಸೂರಿನ ಗಾಲ್ಫ್ ಮೈದಾನದಲ್ಲಿ ಹುಲ್ಲಿನ ಗಾಡಿ ನೋಡಿಕೊಂಡಿದ್ದ ಹುಡುಗ. ದುಡ್ಡು ಖರ್ಚಾಗದ ಕೆಲಸದಿಂದ ಶುರುಮಾಡಿದ. ಗಾಡಿಯನ್ನು ಕೈಯಲ್ಲಿ ತಳ್ಳಲು ಇರುವ ಬೈಪಾಸ್ ಲಿವರ್ ಅರ್ಧ ತೆರೆದಿದ್ದರೆ ಎಣ್ಣೆ ಕೆಲಸ ಮಾಡದೆ ಸುಮ್ನೆ ಸುತ್ತುತ್ತದಂತೆ. ಅದು ಸರಿಯಿತ್ತು. ಬೆಲ್ಟ್ ಮಾತ್ರ ಸವೆದು ಗಾಜಿನಂತೆ ನುಣುಪಾಗಿ ಜಾರುತ್ತಿತ್ತು. ಮೇಲಿನ ಮುಚ್ಚಳ ತೆಗೆದರೆ ಫ್ಯಾನ್ ಕಾಣಲೇ ಇಲ್ಲ! ಒಣಹುಲ್ಲು, ಧೂಳು, ಜಿಡ್ಡು ಸೇರಿ ಗಟ್ಟಿಯಾಗಿ ಕೂತಿತ್ತು. ಗಾಳಿ ಆಡದೆ ಎಣ್ಣೆ ಕಾಯುತ್ತದೆ. ಕಾದ ಎಣ್ಣೆ ತೆಳ್ಳಗಾಗಿ ಪಂಪಿನ ಸಂದಿಯಲ್ಲೇ ಸೋರಿ ಒತ್ತಡ ಬಿಡುತ್ತದೆ. ಮಧ್ಯಾಹ್ನದ ಸೋಮಾರಿತನಕ್ಕೆ ಕಾರಣ ಅದೇ.

ಹುಲ್ಲು ಕಿತ್ತು, ಬೆಲ್ಟ್ ಬದಲಿಸಿದ. ದೊಡ್ಡಪ್ಪ ಉಳುವ ಟ್ರ್ಯಾಕ್ಟರಿನ ಗೇರ್ ಆಯಿಲ್ ಡಬ್ಬ ಹಿಡಿದು ಬಂದರೂ ಮುಟ್ಟಲಿಲ್ಲ. ಗಾಡಿಯ ಪುಸ್ತಕ ನೋಡಿ, ಅದು ಹೇಳಿದ 20ಡಬ್ಲ್ಯೂ50 ಆಯಿಲ್ಲನ್ನೇ ಹಾಕಿದ. ಆಮೇಲೆ ಒಳಗಿನ ಗಾಳಿ ತೆಗೆಯಲು ಹಿಂದಿನ ಚಕ್ರಗಳನ್ನು ಜ್ಯಾಕ್ ಮೇಲೆ ಎತ್ತಿ, ಬೈಪಾಸ್ ತೆರೆದು, ಪೆಡಲನ್ನು ನಿಧಾನಕ್ಕೆ ಮುಂದೆ ಹಿಂದೆ ಒತ್ತಿದ. ಬೈಪಾಸ್ ಮುಚ್ಚಿ ಮತ್ತೆ ಅದೇ ಕಸರತ್ತು. ಚಕ್ರ ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗುವುದನ್ನು ನೋಡಲು ದಾರಿಹೋಕರೆಲ್ಲ ನಿಂತರು. "ನೆಲ ಬುಟ್ ಮ್ಯಾಲೆ ಚೆನ್ನಾಗ್ ಓಡ್ತದೆ ಬುಡಿ" ಎಂದ ಒಬ್ಬ.

ನಡು ಮಧ್ಯಾಹ್ನ ಗಾಡಿ ಏರಿ ಹತ್ತಿತು. ಅದೇ ಹೊತ್ತಿಗೆ ಪೇಟೆಯ ಮೆಕ್ಯಾನಿಕ್ ಬೈಕ್ ನಿಲ್ಲಿಸಿ ಕೇಳಿದರು, "ಪಂಪ್ ಎಲ್ಲಿ ತಂದ್ರಿ ಸಾರ್? ಒರಿಜಿನಲ್ಲೇ ಇರ್ಬೇಕು, ಸೌಂಡಲ್ಲೇ ಗೊತ್ತಾಗುತ್ತೆ."