2 ನಿಮಿಷದ ಓಪನಿಂಗ್‌ಗೆ 2 ವಾರ ಹೋಯ್ತು

ಅಸೈನ್‌ಮೆಂಟ್ ಏನಂದ್ರೆ ಥ್ರಿಲ್ಲರ್ ಸಿನಿಮಾದ್ದು ಬರೀ ಓಪನಿಂಗ್, 2 ನಿಮಿಷ, ಟೈಟಲ್ ಕಾರ್ಡೂ ಸೇರಿ. ಐದು ಜನರ ಗುಂಪು, ಐದೂ ಜನ ಡೈರೆಕ್ಟರ್ರೇ, ಲೈಟ್ ಹಿಡ್ಕೊಳೋಕೆ ಮಾತ್ರ ಯಾರೂ ಇಲ್ಲ.

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಆರೂವರೆಗೆ ಅಂತ ಫಿಕ್ಸ್ ಮಾಡಿದ್ವಿ, ಆ ಎಳೆ ಬಿಸಿಲು ಅರ್ಧ ಗಂಟೆ ಸಿಕ್ಕಿದ್ರೆ ಹೆಚ್ಚು, ನಮ್ಮ ಹೀರೋ ಬಂದಿದ್ದು ಎಂಟೂಕಾಲಿಗೆ, ಕೇಳಿದ್ರೆ ತಿಂಡಿ ತಿನ್ಕೊಂಡ್ ಬಂದೆ ಗುರೂ ಅಂತಾನೆ. ಅಷ್ಟೊತ್ತಿಗೆ ವಾಕಿಂಗ್ ಅಂಕಲ್‌ಗಳು ಒಬ್ಬೊಬ್ರೇ ನಿಂತು 'ಏನ್ರಪ್ಪಾ, ಯಾವ ಸೀರಿಯಲ್ಲು' ಅಂತ. ನಿರ್ಜನ ಜಾಗದಲ್ಲಿ ಹೆಣ ಸಿಗೋ ಸೀನು ಅದು!

ಸರಿ, ಉಳಿದಿದ್ದು ಮುಂದಿನ ಭಾನುವಾರ ಅಂದ್ವಿ. ಅವನು ಸೋದರತ್ತೆ ಮಗಳ ಮದುವೆ ಅಂತ ಗಡ್ಡ ಬೋಳಿಸ್ಕೊಂಡು ಬಂದ. ಈಗ ಹೆಣ ನೋಡೋವಾಗ ಗಡ್ಡ ಇದೆ, ತಿರುಗಿ ಓಡೋವಾಗ ಇಲ್ಲ.

ಎಡಿಟಿಂಗ್ ನನ್ನ ತಲೆಗೆ ಬಂತು, ಲ್ಯಾಪ್‌ಟಾಪ್ ಇಟ್ಕೊಂಡಿರೋ ತಪ್ಪಿಗೆ. ಒಬ್ಬ ಸೆಕೆಂಡಿಗೆ 60 ಫ್ರೇಮಲ್ಲಿ, ಇನ್ನೊಬ್ಬಳು 24ರಲ್ಲಿ ತೆಗ್ದಿದ್ದಾರೆ, ಮೇಲಿಂದ ಕ್ಲಿಪ್ಪೆಲ್ಲಾ ವಾಟ್ಸಾಪಲ್ಲಿ ಮಾಮೂಲಿ ವಿಡಿಯೋ ಥರ ಕಳ್ಸಿದ್ದಾರೆ, ಅದು ಹಿಂಡಿ ಹಿಪ್ಪೆ ಮಾಡಿ ಕಳ್ಸತ್ತೆ, ಡಾಕ್ಯುಮೆಂಟ್ ಅಂತ ಹಾಕ್ರೋ ಅಂತ ಮೂರು ಸಲ ಹೇಳಿದ್ದೆ. ಸೌಂಡಂತೂ ಬರೀ ಗಾಳಿ, ಮೈಕಿಗೆ ಹಾಕೋಕೆ ಒಂದು ಸ್ಪಾಂಜ್ ತಾರೋ ಅಂದ್ರೆ ಪಾತ್ರೆ ತಿಕ್ಕೋದು ತಂದಿದ್ದ.

ನಾಳೆ ಸಬ್‌ಮಿಷನ್. ಗ್ರೂಪಲ್ಲಿ ಈಗ ನಡೀತಿರೋ ಜಗಳ ಟೈಟಲ್ಲಲ್ಲಿ ಯಾರ ಹೆಸರು ಮೊದ್ಲು ಬರ್ಬೇಕು ಅಂತ.