ಅಕ್ಕನ ಲ್ಯಾಪ್‌ಟಾಪು, 48 ಅಂಕಿ

ಕಳೆದ ತಿಂಗಳು ಅಕ್ಕನ ಲ್ಯಾಪ್‌ಟಾಪ್ ರಿಪೇರಿಯಾಗಿ ಮನೆಗೆ ಬಂತು. ಮದರ್‌ಬೋರ್ಡ್ ಕೈಕೊಟ್ಟಿತ್ತು, ಹೊಸದು ಹಾಕಿಸಿದ್ದಳು. ಆನ್ ಮಾಡಿದರೆ ನೀಲಿ ಪರದೆ. ಬಿಟ್‌ಲಾಕರ್ ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕೋ ಬೀಗ. ಅದರ ರಿಕವರಿ ಕೀ ಬೇಕಂತೆ, 48 ಅಂಕಿ! ಅಕ್ಕ ತನ್ನ ಪಿನ್ ಒತ್ತಿ ನೋಡಿದಳು, ಮಗನ ಹುಟ್ಟಿದ ತಾರೀಖು ಒತ್ತಿದಳು, ಕೊನೆಗೆ ನನ್ನ ನಂಬರ್ ಒತ್ತಿದಳು. "ನಾನು ಬೀಗ ಹಾಕೇ ಇಲ್ಲ ಕಣೋ" ಅನ್ನೋದೊಂದೇ ಗೋಳು.

ಅವಳು ಹಾಕಿರಲಿಲ್ಲ, ನಿಜ. ಈಗಿನ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳು ಮೊದಲ ಸಲ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದಾಗ ಡಿಸ್ಕ್‌ಗೆ ತಾವೇ ಬೀಗ ಹಾಕಿಕೊಳ್ಳುತ್ತವೆ. 2024ರಲ್ಲಿ ವಿಂಡೋಸ್ 11ರ 24ಎಚ್2 ಅನ್ನೋ ಆವೃತ್ತಿ ಬಂದ ಮೇಲಂತೂ ಇದು ಇನ್ನೂ ಜಾಸ್ತಿ. ದಿನಾ ಆ ಬೀಗ ತೆಗೆಯೋದು ಟಿಪಿಎಂ ಅನ್ನೋ ಭಾಗ. ಅದು ಮದರ್‌ಬೋರ್ಡ್ ಜೊತೆಗೇ ಬರುತ್ತದೆ. ಬೋರ್ಡ್ ಬದಲಾದರೆ ಹಳೇ ವಾಚ್‌ಮನ್ ಹೋದ ಹಾಗೆ. ಹೊಸಬನಿಗೆ ಮನೆಯವರ ಗುರುತೇ ಇಲ್ಲ.

ರಿಪೇರಿ ಅಂಗಡಿಯವರು "ಫಾರ್ಮ್ಯಾಟ್ ಮಾಡಿಸ್ಬಿಡಿ, ಆರಾಮಾಗಿರುತ್ತೆ" ಅಂದರು. ಅಪ್ಪನ ಕೊನೇ ದೀಪಾವಳಿಯ ವಿಡಿಯೊ ಇರೋದು ಅದೊಂದರಲ್ಲೇ. ಇನ್ನೊಬ್ಬ ಪುಣ್ಯಾತ್ಮ "6,000 ಕೊಡಿ, ಕ್ರ್ಯಾಕ್ ಮಾಡ್ತೀನಿ" ಅಂದ. ಇಂಥ ಮಾತು ನಂಬಿ ದುಡ್ಡು ಕೊಡಬೇಡಿ. ಆ ಕೀ ಅಂದರೆ ಆರಾರು ಅಂಕಿಯ ಎಂಟು ಗುಂಪು, ಒಳಗೆ 128 ಬಿಟ್‌ನ, ಅಂದರೆ ಭಾರೀ ದೊಡ್ಡ, ಸಂಖ್ಯೆ. ಲಾಟರಿ ಹೊಡೆದ ಹಾಗೆ ಸಿಗೋದಲ್ಲ ಅದು.

ಆದರೆ ತಾನಾಗಿ ಬೀಳೋ ಈ ಬೀಗದಲ್ಲಿ ಒಂದು ಒಳ್ಳೇ ಗುಣ ಇದೆ. ಕೀಲಿಯ ಪ್ರತಿ ಯಾವುದಾದರೂ ಅಕೌಂಟ್‌ಗೆ ಹೋಗಿ ಸೇರೋವರೆಗೂ ಅದು ನಿಜವಾಗಿ ಬೀಳೋದೇ ಇಲ್ಲ. ಅಂದರೆ ಕೀಲಿ ಎಲ್ಲೋ ಇರಲೇಬೇಕು. ಆಫೀಸ್ ಲ್ಯಾಪ್‌ಟಾಪ್ ಆದರೆ ಐಟಿಯವರ ಹತ್ತಿರ ಇರುತ್ತದೆ. ಮನೆಯದಾದರೆ, ಮೊದಲ ದಿನ ಡಬ್ಬಿ ಬಿಚ್ಚಿ ಲಾಗಿನ್ ಆದವರು ಯಾರು?

ಅಕ್ಕನ ಅಕೌಂಟ್‌ನಲ್ಲಿ ಇರಲಿಲ್ಲ. ಭಾವನಿಗೆ ಅಕೌಂಟೇ ಇಲ್ಲ. ಆಮೇಲೆ ನೆನಪಾಯಿತು, ಕೋವಿಡ್ ಸಮಯದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಇದನ್ನು ತಂದಾಗ ಎಲ್ಲಾ ಸೆಟ್ ಮಾಡಿದ್ದು ಮಗರಾಯ. ಅವನಿಗೆ ಪಾಸ್‌ವರ್ಡ್ ಮರೆತಿತ್ತು. ಒಟಿಪಿ ಹೋಗೋದು ಭಾವನ ಹಳೇ ನಂಬರಿಗೆ. ಆ ಸಿಮ್ ಇನ್ನೂ ಅಜ್ಜಿಯ ಬಟನ್ ಫೋನಿನಲ್ಲಿ ಜೀವಂತವಾಗಿತ್ತು! ಒಳಗೆ ಹೋದರೆ ಕೀಗಳ ಪಟ್ಟಿ, ಎರಡು ಲ್ಯಾಪ್‌ಟಾಪಿನವು. ನೀಲಿ ಪರದೆಯಲ್ಲಿ ತೋರಿಸೋ ಕೀ ಐಡಿಯ ಮೊದಲ ಎಂಟು ಅಕ್ಷರ ತಾಳೆ ನೋಡಿದೆವು. ಎರಡನೆಯದು ಸರಿಹೋಯಿತು.

ಅಳಿಯ ಓದಿದ, ಅಕ್ಕ ಒತ್ತಿದಳು. ನಾಲ್ಕನೇ ಗುಂಪಿನಲ್ಲಿ 6ರ ಬದಲು 9 ಬಿತ್ತು, ತಪ್ಪು ಅಂತ ತಕ್ಷಣ ತೋರಿಸಿತು. ಪ್ರತಿ ಗುಂಪೂ 11ರಿಂದ ಭಾಗವಾಗಬೇಕು, ಆ ಲೆಕ್ಕದಲ್ಲೇ ತಪ್ಪು ಹಿಡಿಯೋದು. ಮೇಷ್ಟ್ರು ಅಂದರೆ ಹೀಗಿರಬೇಕು ಅನ್ನಿಸಿತು ನನಗೆ.

"ಸುಮ್ನೆ ಆ ಬೀಗಾನೇ ತೆಗೆಸಿಬಿಡಿ" ಅಂತ ಹೇಳೋರು ಜಾಸ್ತಿ. ನಾನು ಒಪ್ಪುವುದಿಲ್ಲ. ಬಸ್ಸಿನಲ್ಲಿ ಬ್ಯಾಗ್ ಕಳೆದರೆ ಸಿಕ್ಕವನು ನಿಮ್ಮ ಮನೆ ಫೋಟೋ ನೋಡಬಾರದು ಅಲ್ವಾ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿಯ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ಬಿದ್ದಾಗ ಎಷ್ಟೋ ಐಟಿ ಹುಡುಗರು ಈ 48 ಅಂಕಿ ಒತ್ತುತ್ತಾ ಕೂತಿದ್ದರು. ಹಾಗಂತ ಆಫೀಸುಗಳು ಬೀಗ ತೆಗೆಸಿದ್ದು ನಾನಂತೂ ಕೇಳಿಲ್ಲ. ನನ್ನ ಸಿಟ್ಟು ಬೇರೆ ಕಡೆ. ಬೋರ್ಡ್ ಬಿಚ್ಚೋ ಮುಂಚೆ "ರಿಕವರಿ ಕೀ ಇದೆಯಾ ಮೇಡಂ?" ಅಂತ ಒಂದು ಮಾತು ಕೇಳೋಕೆ ಎಷ್ಟು ಹೊತ್ತು ಬೇಕಿತ್ತು?

ಈಗ ಆ ಅಂಕಿಗಳು ಕಾಗದದ ಮೇಲೆ ಬಂದಿವೆ. ಬೀರುವಿನಲ್ಲಿ, ಎಲ್‌ಐಸಿ ಬಾಂಡಿನ ಕೆಳಗೆ. ಕೆಳಗೆ ಕೀ ಐಡಿಯನ್ನೂ ಅಕ್ಕ ಕೆಂಪು ಪೆನ್ನಿನಲ್ಲಿ ಬರೆದಿದ್ದಾಳೆ.