ಅಮೆರಿಕದ ಆ ತೀರ್ಪು ನವಾಹೊ ನೆಲಕ್ಕೆ ಅನ್ವಯಿಸುವುದಿಲ್ಲ

"2015ರ ತೀರ್ಪಿನಿಂದ ಇಡೀ ಅಮೆರಿಕದಲ್ಲಿ ಸಲಿಂಗ ವಿವಾಹ ಕಾನೂನುಬದ್ಧವಾಯಿತು" ಅನ್ನುವ ಪೋಸ್ಟ್ ಮತ್ತೆ ಕಣ್ಣಿಗೆ ಬಿತ್ತು. ಕಾನೂನು ಓದಿದವರೇ ಹಂಚಿಕೊಂಡಿದ್ದಾರೆ, ಅದಕ್ಕೇ ಹೆಚ್ಚು ಸಿಟ್ಟು.

ಇಡೀ ಅಮೆರಿಕ ಅಲ್ಲ ಸ್ವಾಮಿ. ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟ ಆ ಒಬರ್ಗೆಫೆಲ್ ತೀರ್ಪನ್ನು 50 ರಾಜ್ಯಗಳು ಪಾಲಿಸಲೇಬೇಕು. ಆದರೆ ಆ ದೇಶದ ಗಡಿಯೊಳಗೇ ಇರುವ 570ಕ್ಕೂ ಹೆಚ್ಚು ಮೂಲನಿವಾಸಿ ರಾಷ್ಟ್ರಗಳಿಗೆ, ಅಂದರೆ ತಮ್ಮದೇ ಸರ್ಕಾರ, ಕಾನೂನು ಇರುವ ಬುಡಕಟ್ಟುಗಳಿಗೆ, ಆ ಕಟ್ಟುಪಾಡಿಲ್ಲ. ನಮ್ಮವರು ರಜೆಗೆ ಹೋಗಿ ಫೋಟೊ ತೆಗೆಸಿಕೊಂಡು ಬರುವ ಮಾನ್ಯುಮೆಂಟ್ ವ್ಯಾಲಿ ನವಾಹೊ ರಾಷ್ಟ್ರದ ನೆಲ. 2005ರ ಡಿನೆ (ನವಾಹೊಗಳು ತಮ್ಮನ್ನು ಕರೆದುಕೊಳ್ಳುವ ಹೆಸರು) ಮದುವೆ ಕಾಯ್ದೆ ಅಲ್ಲಿ ಸಲಿಂಗ ವಿವಾಹವನ್ನು ಅಸಿಂಧು ಎಂದು ಸಾರಿತು. ನವಾಹೊ ಅಧ್ಯಕ್ಷ ಜೋ ಶರ್ಲಿ ಅದನ್ನು ತಡೆಹಿಡಿದಿದ್ದರು. ಅಲ್ಲಿನ ಶಾಸನ ಮಾಡುವ ಮಂಡಳಿ 62–14 ಮತಗಳಿಂದ ಅವರ ತಡೆಯನ್ನು ತಳ್ಳಿಹಾಕಿತು.

ಪರಿಣಾಮ ಏನು ಅಂದರೆ, ಅರಿಜೋನಾದಲ್ಲಿ ಮದುವೆಯಾದ ಜೋಡಿ ಕೇಂದ್ರದ ತೆರಿಗೆ ಕಚೇರಿಗೆ ದಂಪತಿ, ಊರಿಗೆ ವಾಪಸಾದರೆ ನವಾಹೊ ರಾಜಧಾನಿ ವಿಂಡೋ ರಾಕ್‌ನ ದಫ್ತರಕ್ಕೆ ಬೇರೆ ಬೇರೆ ಇಬ್ಬರು. ಮನೆ ಕಟ್ಟಿಕೊಳ್ಳಲು ಕೊಡುವ, ಒಂದು ಎಕರೆ ಮೀರದ ಜಾಗದ ಗುತ್ತಿಗೆ, ಸಂಗಾತಿ ತೀರಿಕೊಂಡ ಮೇಲಿನ ವಾರಸುದಾರಿಕೆ, ದತ್ತು, ಎಲ್ಲದಕ್ಕೂ ಈ ಕಾಯ್ದೆ ಅಡ್ಡ ಬರುತ್ತದೆ.

ಸುಪ್ರೀಂ ಕೋರ್ಟಿಗೆ ಹೋಗಬಹುದಲ್ಲ ಅಂತೀರಿ. ಹೋಗಲು ಬಾಗಿಲೇ ಇಲ್ಲ. ಅಮೆರಿಕದ ಸಂವಿಧಾನದ ಹಕ್ಕುಪಟ್ಟಿ ಬುಡಕಟ್ಟು ಸರ್ಕಾರಗಳಿಗೆ ಅನ್ವಯಿಸುವುದಿಲ್ಲ ಅನ್ನುವುದಕ್ಕೆ 1896ರ ಟಾಲ್ಟನ್ ತೀರ್ಪಿನ ಬುನಾದಿ ಇದೆ. 1968ರಲ್ಲಿ ಸಂಸತ್ತು ಇಂಡಿಯನ್ ನಾಗರಿಕ ಹಕ್ಕು ಕಾಯ್ದೆ ಮಾಡಿ ಸಮಾನ ರಕ್ಷಣೆಯ ಮಾತು ಸೇರಿಸಿತು. ಆದರೆ ಆ ಕಾಯ್ದೆ ಹಿಡಿದು ಕೇಂದ್ರ ನ್ಯಾಯಾಲಯಕ್ಕೆ ಬರಬಹುದಾದ ದಾರಿ ಒಂದೇ, ಹೇಬಿಯಸ್ ಕಾರ್ಪಸ್ (ಬಂಧನವನ್ನು ಪ್ರಶ್ನಿಸುವ ಅರ್ಜಿ) ಎಂದು 1978ರ ಸಾಂಟಾ ಕ್ಲಾರಾ ಪ್ಯೂಬ್ಲೊ ತೀರ್ಪು ಹೇಳಿತು. ಮದುವೆ ಪರವಾನಗಿ ಸಿಗದವರು ಬಂಧನದಲ್ಲಿಲ್ಲ, ಹಾಗಾಗಿ ಆ ದಾರಿಯೂ ಇಲ್ಲ.

ಇಲ್ಲಿಂದ ಮುಂದಿನದು ಪೂರ್ತಿ ಬುಡಕಟ್ಟಿನ ಒಳಗಿನ ವಕೀಲರ ಕೆಲಸ. ಮೂಲನಿವಾಸಿ ಸಮುದಾಯದಲ್ಲೇ ಹುಟ್ಟಿ, ಲಿಂಗ–ಲೈಂಗಿಕತೆಯ ವೈವಿಧ್ಯದ ಪರ ನಿಲ್ಲುವ ಈ ವಕೀಲರನ್ನೇ "ಇಡೀ ಅಮೆರಿಕ" ಎಂಬ ಎರಡು ಪದ ಅಳಿಸಿಹಾಕುತ್ತದೆ. ನನ್ನ ತಕರಾರು ಇದೇ.

ಅವರ ಕೈಲಿರುವ ಸಾಮಗ್ರಿ ನೋಡಿ. ನವಾಹೊ ರಾಷ್ಟ್ರಕ್ಕೆ ಅದರದೇ ಹಕ್ಕುಪಟ್ಟಿ ಇದೆ, ಲಿಂಗದ ಕಾರಣಕ್ಕೆ ಸಮಾನತೆ ನಿರಾಕರಿಸಬಾರದು ಎಂದು ಅದರಲ್ಲೇ ಬರೆದಿದೆ. 2002ರಲ್ಲಿ ಮಂಡಳಿ ಅಂಗೀಕರಿಸಿದ ಡಿನೆ ಮೂಲಭೂತ ನಿಯಮಗಳು ಪರಂಪರೆಯನ್ನೇ ಕಾನೂನಿನ ಆಧಾರ ಮಾಡಿವೆ. ಆ ಪರಂಪರೆಯಲ್ಲಿ ನಾಡ್ಲೀಹಿಗಳಿದ್ದಾರೆ, ಗಂಡು–ಹೆಣ್ಣು ಎಂಬ ಎರಡೇ ಖಾನೆಗೆ ಸೇರದವರು. 1937ರಲ್ಲಿ ತೀರಿಕೊಂಡ ಹಸ್ತೀನ್ ಕ್ಲಾ ನಾಡ್ಲೀಹಿ. ಅವರು ಮಂತ್ರ–ವಿಧಿ ಬಲ್ಲ ವೈದ್ಯರೂ ಹೌದು, ಮರಳುಚಿತ್ರದ ವಿನ್ಯಾಸಗಳನ್ನು ಕಂಬಳಿಗೆ ತಂದ ನೇಕಾರರೂ ಹೌದು. "ಇದು ನಮ್ಮ ಸಂಪ್ರದಾಯವಲ್ಲ" ಎನ್ನುವ ಮಂಡಳಿ ಸದಸ್ಯನಿಗೆ ಅವನ ಸಂಪ್ರದಾಯದಿಂದಲೇ ಉತ್ತರ ಕೊಡಬಲ್ಲವರು ಈ ವಕೀಲರು. ವಾಷಿಂಗ್ಟನ್‌ನಿಂದ ಬಂದವರು ಅದೇ ಮಾತು ಹೇಳಿದರೆ ಬಾಗಿಲು ಮುಚ್ಚುತ್ತದೆ.

"ಅಲ್ಲಿಯವರೆಗೆ ಆ ಜೋಡಿಗಳು ಕಾಯಬೇಕಾ? ಸಂಸತ್ತು ಒಂದು ಕಾಯ್ದೆ ಮಾಡಿ ಎಲ್ಲರಿಗೂ ಹೇರಬಾರದಾ?" ಎಂದು ಕೇಳುವವರಿದ್ದಾರೆ. ಕಾಯುವ ನೋವು ನಿಜ. 2022, 2023ರಲ್ಲಿ ನವಾಹೊ ಮಂಡಳಿಗೆ ಬಂದ ತಿದ್ದುಪಡಿ ಮಸೂದೆಗಳು ಪಾಸಾಗಲಿಲ್ಲ, ಅದೂ ನಿಜ. ಆದರೆ ಹೇರುವ ಆ ಕೈ ಯಾವುದು? 1883ರಲ್ಲಿ 'ಇಂಡಿಯನ್ ಅಪರಾಧಗಳ ಸಂಹಿತೆ' ತಂದು ಕುಣಿತ, ವಿಧಿ, ವೈದ್ಯ ಎಲ್ಲವನ್ನೂ ಶಿಕ್ಷಾರ್ಹ ಮಾಡಿದ ಸರ್ಕಾರವೇ. ಮಕ್ಕಳನ್ನು ವಸತಿ ಶಾಲೆಗೆ ಒಯ್ದು, ಕೂದಲು ಕತ್ತರಿಸಿ, ಗಂಡಿಗೊಂದು ಹೆಣ್ಣಿಗೊಂದು ಸಮವಸ್ತ್ರ ತೊಡಿಸಿದ್ದೂ ಅದೇ. ನಾಡ್ಲೀಹಿಗಳಿಗಿದ್ದ ಗೌರವವನ್ನು ಕಿತ್ತುಕೊಂಡವರ ಕೈಗೇ ಅದನ್ನು ವಾಪಸು ಕೊಡಿಸುವ ಅಧಿಕಾರ ಕೊಡಿ ಅನ್ನುವುದನ್ನು ನಾನು ಒಪ್ಪಲಾರೆ.

ಒಳಗಿನಿಂದ ಆಗುವುದಿಲ್ಲ ಎಂಬುದೂ ಸುಳ್ಳು. ಒರೆಗಾನ್ ರಾಜ್ಯ 2004ರಲ್ಲಿ ತನ್ನ ಸಂವಿಧಾನದಲ್ಲೇ ಸಲಿಂಗ ವಿವಾಹ ನಿಷೇಧಿಸಿಕೊಂಡಿತ್ತು. ಅದೇ ರಾಜ್ಯದೊಳಗಿನ ಕೊಕ್ವೆಲ್ ಬುಡಕಟ್ಟು 2008ರಲ್ಲಿ ಅನುಮತಿಸುವ ಕಾನೂನು ಮಾಡಿತು. ರಾಜ್ಯ ಆ ಹಂತ ಮುಟ್ಟಿದ್ದು 2014ರಲ್ಲಿ. ಸ್ವಾಯತ್ತೆಯೇ ಇಲ್ಲದಿದ್ದರೆ ಕೊಕ್ವೆಲ್ ಕೂಡ ಒರೆಗಾನ್‌ಗಾಗಿ ಕಾಯಬೇಕಿತ್ತು.

ಚೆರೋಕೀ ರಾಷ್ಟ್ರದ ಕಥೆ ಇನ್ನೂ ಮುಖ್ಯ. 2004ರಲ್ಲಿ ಇಬ್ಬರು ಮಹಿಳೆಯರು ಬುಡಕಟ್ಟಿನ ನ್ಯಾಯಾಲಯದಿಂದ ಮದುವೆ ಅರ್ಜಿ ಪಡೆದರು. ಕೂಡಲೇ ಆಕ್ಷೇಪಣೆ ಸಲ್ಲಿಸಿದವರು ಮಂಡಳಿಯ ವಕೀಲ ಟಾಡ್ ಹೆಂಬ್ರಿ. ಮಂಡಳಿ ತರಾತುರಿಯಲ್ಲಿ ಮದುವೆಯ ವ್ಯಾಖ್ಯೆಯನ್ನೇ ಗಂಡು–ಹೆಣ್ಣಿಗೆ ಸೀಮಿತಗೊಳಿಸಿತು. ಹೆಂಬ್ರಿ ಅವರ ದಾವೆ 2005ರಲ್ಲಿ ವಜಾ ಆಯಿತು, ಕಾರಣ ಈ ಮದುವೆಯಿಂದ ತಮಗೇನು ಹಾನಿ ಎಂದು ಅವರು ತೋರಿಸಲಿಲ್ಲ. ಆದರೆ ಮಂಡಳಿಯ ಕಾನೂನು ಉಳಿಯಿತು, ಮುಂದಿನ ಜೋಡಿಗಳಿಗೆ ದಾರಿ ಮುಚ್ಚಿತು. ಆಮೇಲೆ ಅದೇ ಹೆಂಬ್ರಿ ಚೆರೋಕೀ ರಾಷ್ಟ್ರದ ಅಟಾರ್ನಿ ಜನರಲ್ ಆದರು. 2016ರ ಡಿಸೆಂಬರ್‌ನಲ್ಲಿ ಅಧಿಕೃತ ಅಭಿಪ್ರಾಯ ಬರೆದರು: ಈ ನಿಷೇಧ ಚೆರೋಕೀ ಸಂವಿಧಾನಕ್ಕೆ ವಿರುದ್ಧ. ಅಂದೇ ಜಾರಿ. ಒಬರ್ಗೆಫೆಲ್ ಬಂದು ಒಂದೂವರೆ ವರ್ಷ ಕಳೆದಿತ್ತು, ಅಷ್ಟೂ ದಿನ ಅದು ಅಲ್ಲಿನ ಪರವಾನಗಿ ಕಚೇರಿಯ ಒಂದು ಅಕ್ಷರವನ್ನೂ ಬದಲಿಸಿರಲಿಲ್ಲ. ಬದಲಿಸಿದ್ದು ಚೆರೋಕೀ ಸಂವಿಧಾನ, ಅದನ್ನು ಓದಿದ ಚೆರೋಕೀ ವಕೀಲ.

ನವಾಹೊದಲ್ಲಿ ಈಗ 24 ಸದಸ್ಯರ ಮಂಡಳಿ. ಅಧ್ಯಕ್ಷರ ತಡೆ ಬಂದರೂ ದಾಟಲು 16 ಮತ ಬೇಕು. ಮದುವೆಯ ಕಲಮು ಒಂದನ್ನೇ ತಿದ್ದಿ, ವಾರಸುದಾರಿಕೆ, ದತ್ತು, ವಿಚ್ಛೇದನದ ಕಲಮುಗಳಲ್ಲಿ ಗಂಡ–ಹೆಂಡತಿ ಅಂತಲೇ ಬಿಟ್ಟರೆ ಮದುವೆಯಾದವರು ಆಮೇಲೆ ಪ್ರತಿ ಕಚೇರಿಯಲ್ಲೂ ಸಿಕ್ಕಿಬೀಳುತ್ತಾರೆ. ಆ ಸಾಲು ಸಾಲಿನ ಕರಡು ತಿದ್ದುವವರ ಹೆಸರು ಯಾವ ಪೋಸ್ಟಿನಲ್ಲೂ ಬರುವುದಿಲ್ಲ. ಕಡೇಪಕ್ಷ "ಇಡೀ ಅಮೆರಿಕ" ಎಂದು ಬರೆದವರು ಅದನ್ನು ಇವತ್ತೇ ತಿದ್ದಲಿ.